ಮಿರಜಿನಿಂದ ಬಂದ ಪತ್ರ

ಮೊದಲ ಸಲ ಬರೆದಾಗ ನೀಲಗಂಗಾಳಿಗೆ ಇಂಗ್ಲಿಷಿನಲ್ಲಿ ಬಂದದ್ದು ಮೂವತ್ತೊಂದು ಅಂಕ. ಧಾರವಾಡದಲ್ಲಿ ಎಂ.ಬಿ.ಎ. ಓದಬೇಕೆಂದರೆ ಪದವಿ ಮುಗಿಸಿದವರು ಒಂದು ಪ್ರವೇಶ ಪರೀಕ್ಷೆ ಬರೆಯಬೇಕಿತ್ತು. ಲೆಕ್ಕದಲ್ಲಿ ಅವಳಿಗೆ ಎಂಬತ್ತಾರು ಬಂದಿತ್ತು. ಆದರೆ ಇಂಗ್ಲಿಷಿನಲ್ಲಿ ನಲವತ್ತು ದಾಟದವರ ಉಳಿದ ಅಂಕಗಳನ್ನು ಯಾರೂ ನೋಡುತ್ತಿರಲಿಲ್ಲ. ಅದು ೧೯೮೯ನೆಯ ಇಸವಿ.

ಅವಳ ತಂದೆ ಗುಡದಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ತೂಗುವವನು. ತಾಯಿ ಶೇಖವ್ವ ಅದೇ ಪೇಟೆಯ ಒಂದು ಅಂಗಡಿಯ ಹಿತ್ತಿಲಲ್ಲಿ ಹತ್ತಾರು ಹೆಂಗಸರ ಜೊತೆ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಮಗಳು ಮೂರು ವರ್ಷ ದಿನಾ ರೈಲಿನಲ್ಲಿ ಹಾವೇರಿಗೆ ಹೋಗಿಬಂದು ಬಿ.ಕಾಂ. ಅನ್ನು ಫಸ್ಟ್ ಕ್ಲಾಸಿನಲ್ಲಿ ಮುಗಿಸಿದಾಗ ಗುಡದಪ್ಪ ಓಣಿಗೆಲ್ಲ ಪೇಢೆ ಹಂಚಿದ್ದ. ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದ ವಾರವೇ ಕುಪ್ಪೇಲೂರಿನಿಂದ ಅವಳ ಸೋದರಮಾವ ಡಾಕಪ್ಪ ಬಂದು ಕಟ್ಟೆಯ ಮೇಲೆ ಕುಳಿತ. ಅವನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು; ಇಬ್ಬರು ಸಣ್ಣ ಮಕ್ಕಳಿದ್ದರು. ಅವನು ಕೆಟ್ಟವನಲ್ಲ, ಜೋರಾಗಿ ಮಾತಾಡಿದವನೂ ಅಲ್ಲ. ಅಕ್ಕನ ಮಗಳನ್ನು ತನಗೆ ಕೊಡಿರೆಂದು ಕೇಳಿ, ಚಹ ಕುಡಿದು, ಉತ್ತರಕ್ಕೆ ಕಾಯುತ್ತ ಕುಳಿತ.

ನೀಲಗಂಗಾ ಇನ್ನೊಂದು ವರ್ಷ ಬೇಡಿದಳು. ಶೇಖವ್ವ ತಮ್ಮನ ಮುಖ ನೋಡಿದಳು, ಮಗಳ ಮುಖ ನೋಡಿದಳು. ಕೊನೆಗೆ ಗುಡದಪ್ಪನೇ, ಮುಂದಿನ ಸಲವೂ ಆಗಲಿಲ್ಲವೆಂದರೆ ಜೂನಿನಲ್ಲಿ ಮದುವೆ, ಆಮೇಲೆ ಯಾರೂ ಎರಡು ಮಾತಾಡುವಂತಿಲ್ಲ ಎಂದ. ಡಾಕಪ್ಪ ಒಪ್ಪಿದ. ಹೊರಡುವಾಗ ಅವಳ ಕಡೆ ತಿರುಗಿ, ಚೆನ್ನಾಗಿ ಓದು ಎಂದು ಹೇಳಿ ಹೋದ. ಮನಸ್ಸಿನಿಂದಲೇ ಹೇಳಿದ್ದ. ಅದರಿಂದಾಗಿ ಅವಳಿಗೆ ಅವನ ಮೇಲೆ ಸಿಟ್ಟಾಗುವುದಕ್ಕೂ ಆಗಲಿಲ್ಲ.

ಕರಬಸಪ್ಪ ಮಾಸ್ತರರ ಮನೆಗೆ ಅವಳನ್ನು ಕರೆದೊಯ್ದವಳು ಶೇಖವ್ವ. ಮಾಸ್ತರರು ರಾಣೆಬೆನ್ನೂರಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ, ನಿವೃತ್ತರಾದ ಮೇಲೆ ಬ್ಯಾಡಗಿಯ ಸ್ಟೇಶನ್ನಿನ ಹಿಂದೆ ಒಂದು ಬಾಡಿಗೆ ಮನೆಯಲ್ಲಿದ್ದರು. ಎರಡೂ ಕಣ್ಣು ಹೋಗಿ ನಾಲ್ಕು ವರ್ಷವಾಗಿತ್ತು. ಬಾಗಿಲು ಎಲ್ಲಿದೆ, ಕಿಟಕಿ ಎಲ್ಲಿದೆ ಎಂದು ತಿಳಿಯುವಷ್ಟು ಬೆಳಕು ಮಾತ್ರ ಅವರ ಪಾಲಿಗೆ ಉಳಿದಿತ್ತು. ಹೆಂಡತಿ ಎಂದೋ ತೀರಿಕೊಂಡಿದ್ದರು. ಅಡಿಗೆ, ನೀರು, ಅಂಗಡಿ ಎಲ್ಲವನ್ನೂ ವಿಧವೆ ತಂಗಿ ಗುತ್ತೆವ್ವ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಓದು ಬರಹ ಬಾರದು. ಒಬ್ಬಳೇ ಮಗಳು ಜಯವ್ವ ಮಿರಜಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಪ್ರತಿ ತಿಂಗಳು ಮೊದಲ ವಾರ ಅವಳ ಪತ್ರ ಕನ್ನಡದಲ್ಲಿ ಬರುತ್ತಿತ್ತು. ಓದಿ ಹೇಳುವವರಿಲ್ಲದೆ ಕೆಲವೊಮ್ಮೆ ಅದು ಎರಡು ದಿನ ಗೋಡೆಯ ಮಾಡದಲ್ಲೇ ಬಿದ್ದಿರುತ್ತಿತ್ತು.

ಮಾಸ್ತರರು ಫೀ ಬೇಡವೆಂದರು. ದಿನಾ ಬೆಳಿಗ್ಗೆ ಬಂದು ಇಂಗ್ಲಿಷ್ ಪೇಪರನ್ನೂ ಬಂದ ಟಪಾಲನ್ನೂ ಓದಿ ಹೇಳಿದರೆ ಸಾಕು, ಉಳಿದದ್ದನ್ನು ತಾವು ನೋಡಿಕೊಳ್ಳುವುದಾಗಿ ಹೇಳಿದರು.

ಮೊದಲ ತಿಂಗಳು ಅವರು ಅವಳಿಗೆ ಯಾವ ವ್ಯಾಕರಣವನ್ನೂ ಹೇಳಲಿಲ್ಲ. ಅವಳು ಪೇಪರು ಓದುತ್ತಿದ್ದಳು, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಡುವೆ ಕೈ ಎತ್ತಿ ನಿಲ್ಲಿಸಿ, ಈ ವಾಕ್ಯ ನಿನಗೆ ತಿಳಿಯಲಿಲ್ಲ ಎನ್ನುತ್ತಿದ್ದರು. ಹೇಗೆ ಗೊತ್ತಾಯಿತೆಂದು ಅವಳು ಒಮ್ಮೆ ಕೇಳಿದಳು. ಅರ್ಥ ತಿಳಿದವರು ಉಸಿರು ತೆಗೆದುಕೊಳ್ಳುವ ಜಾಗವೇ ಬೇರೆ, ತಿಳಿಯದವರದೇ ಬೇರೆ ಎಂದು ಅವರು ಹೇಳಿದರು. ಪರೀಕ್ಷೆಯಲ್ಲಿ ಕೊಡುವ ಗದ್ಯಭಾಗವನ್ನು ಮೊದಲು ಬಾಯಿ ತೆರೆಯದೆ ಒಂದು ಸಲ ಪೂರ್ತಿ ಓದಬೇಕು, ಗೊತ್ತಿಲ್ಲದ ಶಬ್ದ ಬಂದರೆ ಅಲ್ಲೇ ನಿಲ್ಲಬಾರದು, ಅದರ ಅಕ್ಕಪಕ್ಕದ ಶಬ್ದಗಳೇ ಅದರ ಅರ್ಥ ಹೇಳುತ್ತವೆ ಎಂದು ಕಲಿಸಿದರು.

ಹುಬ್ಬಳ್ಳಿಯಿಂದ ತರಿಸಿದ ಹಳೆಯ ಗೈಡಿನಲ್ಲಿ ಮೂರು ಸಾವಿರ ಶಬ್ದಗಳಿದ್ದವು. ಮಧ್ಯಾಹ್ನ ತಾಯಿಯ ಜೊತೆ ತೊಟ್ಟು ಬಿಡಿಸುತ್ತ ನೀಲಗಂಗಾ ಅವನ್ನು ಬಾಯಿಪಾಠ ಮಾಡುತ್ತಿದ್ದಳು. ಘಾಟಿಗೆ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತುವಂತಿರಲಿಲ್ಲ. ಪಕ್ಕದ ಹೆಂಗಸರು ಮೊದಮೊದಲು ನಕ್ಕರು. ಆಮೇಲೆ ಅವರಲ್ಲೊಬ್ಬಳು ದಿನಾ ಇವತ್ತಿನ ಮಂತ್ರ ಯಾವುದೆಂದು ಕೇಳಿ ತಾನೂ ಒಂದೆರಡು ಶಬ್ದ ಹೇಳತೊಡಗಿದಳು. ಚಳಿಗಾಲ ಮುಗಿಯುವ ಹೊತ್ತಿಗೆ ನೀಲಗಂಗಾ ಮಾಸ್ತರರಿಗೆ ಪೇಪರಿನ ಸಂಪಾದಕೀಯವನ್ನು ತಡೆಯಿಲ್ಲದೆ ಓದುತ್ತಿದ್ದಳು. ಅವರ ಕೈ ಮೇಲೇಳುವುದು ಕಡಿಮೆಯಾಗಿತ್ತು.

೧೯೯೦ರ ಪರೀಕ್ಷೆ ಮೇ ಇಪ್ಪತ್ತರ ರವಿವಾರ ಎಂದು ಗೊತ್ತಾಯಿತು. ಕೊನೆಯ ವಾರ ಪೂರ್ತಿ ಗದ್ಯಭಾಗಗಳನ್ನೇ ಮಾಡುವುದೆಂದು ಮಾಸ್ತರರು ನಿಶ್ಚಯಿಸಿದರು. ಆ ವಾರದ ಮೊದಲ ದಿನ, ಸೋಮವಾರ, ಪೋಸ್ಟ್‌ಮನ್ ಭರಮಣ್ಣ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ ಒಂದು ಉದ್ದನೆಯ ಲಕೋಟೆಯನ್ನು ಅವಳ ಕೈಗೆ ಕೊಟ್ಟು ಹೋದ. ಗುತ್ತೆವ್ವ ನೀರು ತರಲು ನಳದ ಪಾಳಿಗೆ ಹೋಗಿದ್ದಳು.

ವಿಳಾಸ ಇಂಗ್ಲಿಷಿನಲ್ಲಿ ಟೈಪಾಗಿತ್ತು. ಮಾಸ್ತರರು ಕಲಿಸಿದಂತೆ ಅವಳು ಪತ್ರವನ್ನು ಮೊದಲು ಬಾಯಿ ತೆರೆಯದೆ ಓದಿದಳು. ಮಿರಜಿನ ಆಸ್ಪತ್ರೆಯ ಮೇಟ್ರನ್ ಬರೆದದ್ದು. ಮೇ ಹನ್ನೊಂದರ ತಾರೀಖು. ತಮ್ಮ ಮಗಳಿಗೆ ರೋಗಿಯೊಬ್ಬರಿಂದ ಸೋಂಕು ತಗಲಿ ಕಾಮಾಲೆಯಾಗಿದೆ, ಹತ್ತು ದಿನಗಳಿಂದ ನಮ್ಮಲ್ಲೇ ಮಲಗಿದ್ದಾಳೆ, ಪೆನ್ನು ಹಿಡಿಯುವ ಶಕ್ತಿಯಿಲ್ಲದ ಕಾರಣ ನಾನು ಬರೆಯುತ್ತಿದ್ದೇನೆ, ದಿನಾ ತಮ್ಮನ್ನು ಕೇಳುತ್ತಾಳೆ, ಕೂಡಲೇ ಹೊರಟು ಬರಬೇಕು ಎಂದಿತ್ತು. ನಡುವೆ ಒಂದು ವಾಕ್ಯದಲ್ಲಿ, ಅವಳ ಸ್ಥಿತಿ 'ಗ್ರೇವ್' ಎಂದಿತ್ತು. ಆ ಶಬ್ದಕ್ಕೆ ಗೋರಿ ಎಂಬ ಅರ್ಥವಷ್ಟೇ ನೀಲಗಂಗಾಳಿಗೆ ಗೊತ್ತಿತ್ತು. ಆದರೂ ಅಕ್ಕಪಕ್ಕದ ಶಬ್ದಗಳು ಹೇಳಬೇಕಾದದ್ದನ್ನು ಹೇಳಿದವು.

'ಯಾರದು?' ಎಂದು ಮಾಸ್ತರರು ಕೇಳಿದರು.

ಆ ಒಂದು ಗಳಿಗೆಯಲ್ಲಿ ಅವಳಿಗೆ ಎಲ್ಲವೂ ಕಂಡಿತು. ಮಾಸ್ತರರು ಇವತ್ತೇ ಹೊರಡುತ್ತಾರೆ. ಗುತ್ತೆವ್ವ ಹುಬ್ಬಳ್ಳಿಯಾಚೆ ರೈಲಿನಲ್ಲಿ ಹೋದವಳಲ್ಲ. ಮಾಸ್ತರರ ಕೈ ಹಿಡಿದು, ಬೋರ್ಡು ಓದಿ, ಡಾಕ್ಟರರ ಚೀಟಿ ಓದಿ ಹೇಳಲು ಯಾರು ಹೋಗಬೇಕು? ತಾನೇ. ಒಂದು ಸಲ ಹೋದರೆ ರವಿವಾರದೊಳಗೆ ತಿರುಗಿ ಬರುವುದು ಆಗದ ಮಾತು. ಜೂನು ಬರುತ್ತದೆ. ಕುಪ್ಪೇಲೂರು ಬರುತ್ತದೆ.

'ನಿಮ್ಮ ಹಳೇ ಸ್ಟೂಡೆಂಟ್ ಅಂತ್ರಿ, ಸರ್,' ಎಂದಳು. 'ಪರಮೇಶಪ್ಪ ಅಂತ. ನೌಕರಿಗೆ ಒಂದು ಸರ್ಟಿಫಿಕೇಟ್ ಕೇಳ್ಯಾರ.'

ಮಾಸ್ತರರು ಹುಬ್ಬು ಗಂಟಿಕ್ಕಿ ಯೋಚಿಸಿದರು, ನೆನಪಾಗುವುದಿಲ್ಲವೆಂದರು. ಆಮೇಲೆ ಅವತ್ತಿನ ಗದ್ಯಭಾಗಕ್ಕೆ ತೊಡಗಿದರು. ಅವಳು ಪತ್ರವನ್ನು ಗೈಡಿನೊಳಗೆ ಇಟ್ಟುಕೊಂಡಳು. ನಾಳೆ ಹೇಳಿದರಾಯಿತು ಎಂದು ಅವಳು ನಿಜವಾಗಿಯೂ ಅಂದುಕೊಂಡಿದ್ದಳು.

ಸಂಜೆ ಮನೆಯಲ್ಲಿ ಡಿಕ್ಷನರಿ ತೆಗೆದು ನೋಡಿದಳು. ಗಂಭೀರ ಎಂದಿತ್ತು. ಗಂಭೀರ ಎಂದರೆ ಎಷ್ಟೋ ಥರ ಇರುತ್ತದೆ, ದೊಡ್ಡವರ ಮುಖ ಗಂಭೀರವಾಗಿರುತ್ತದೆ, ಮಾತು ಗಂಭೀರವಾಗಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಕಾಮಾಲೆಗೆ ಊರಲ್ಲಿ ಎಷ್ಟು ಜನ ಮದ್ದು ಕುಡಿದು ಗುಣವಾಗಿಲ್ಲ? ಜಯವ್ವ ಮಲಗಿರುವುದು ಆಸ್ಪತ್ರೆಯಲ್ಲೇ, ಸುತ್ತ ಡಾಕ್ಟರರೇ. ಕಣ್ಣಿಲ್ಲದ ತಂದೆ ಹೋಗಿ ಮಾಡುವುದಾದರೂ ಏನು?

ಮಂಗಳವಾರ ಅವಳು ಹೋದಾಗ ಮಾಸ್ತರರ ಮುಖದಲ್ಲಿ ಸಂತೋಷವಿತ್ತು. ಪರಮೇಶಪ್ಪ ನೆನಪಾದ ಎಂದರು. ಎಪ್ಪತ್ತೆರಡನೆಯ ಇಸವಿಯ ಬ್ಯಾಚು. ಹಿಂದಿನ ಬೆಂಚಿನಲ್ಲಿ ಕೂಡುತ್ತಿದ್ದ, ಎಡಗೈಯಲ್ಲಿ ಬರೆಯುತ್ತಿದ್ದ, ಬಡವರ ಹುಡುಗ. ಅವನಿಗೆ ಸರ್ಟಿಫಿಕೇಟ್ ಕೊಡಲೇಬೇಕೆಂದು ಇಂಗ್ಲಿಷಿನಲ್ಲಿ ಎಂಟು ಸಾಲು ಹೇಳಿ ಬರೆಸಿದರು. ಬಹಳ ಒಳ್ಳೆಯ ಎಂಟು ಸಾಲು. ಕೆಳಗೆ ಅಂದಾಜಿನಿಂದ ಸಹಿ ಮಾಡಿದರು. ಅವಳು ಕೈ ಹಿಡಿದು ಜಾಗ ತೋರಿಸಿದಳು. ಅವತ್ತೂ ಅವಳಿಗೆ ಹೇಳಲಾಗಲಿಲ್ಲ.

ಬುಧವಾರ ಅವರು, ಈ ತಿಂಗಳು ಜಯವ್ವನ ಪತ್ರವೇ ಬಂದಿಲ್ಲವಲ್ಲ ಎಂದರು. ಗುತ್ತೆವ್ವ ಒಳಗಿನಿಂದ, ಹುಡುಗಿಗೆ ಕೆಲಸ ಹೆಚ್ಚಾಗಿರಬೇಕು ಎಂದಳು. ಮಾಸ್ತರರು ನೀಲಗಂಗಾಳಿಗೆ ಇನ್‌ಲ್ಯಾಂಡ್ ಪತ್ರ ತೆಗೆಯಲು ಹೇಳಿ ಕನ್ನಡದಲ್ಲಿ ಬರೆಸತೊಡಗಿದರು. ತಿಂಗಳಿಗೊಂದು ಪತ್ರ ಬರೆಯಲೂ ಪುರಸತ್ತಿಲ್ಲವೇನು, ಅಪ್ಪ ಕುರುಡನೆಂದು ಮರೆತೆಯೇನು ಎಂದು ಮೊದಲು ಸ್ವಲ್ಪ ಸಿಟ್ಟು. ಆಮೇಲೆ ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ದಾಗಿದೆ, ಬರುವವರ ಕೈಯಲ್ಲಿ ಕಳಿಸುತ್ತೇವೆ, ಈಗ ನನಗೆ ಪೇಪರು ಓದಲು ಒಬ್ಬ ಜಾಣ ಹುಡುಗಿ ಬರುತ್ತಾಳೆ, ನಿನ್ನ ವಾರಿಗೆಯವಳೇ ಎಂದು. ಆ ಕೊನೆಯ ವಾಕ್ಯ ಬರೆಯುವಾಗ ಅವಳ ಪೆನ್ನು ನಿಂತಿತು. ಬರೆದೆಯಾ ಎಂದು ಅವರು ಕೇಳಿದರು. ಬರೆದೆ ಎಂದಳು. ಹೋಗುವಾಗ ಸ್ಟೇಶನ್ನಿನ ಡಬ್ಬಿಗೆ ಹಾಕಿದಳು. ಹಾಕದೆ ಇರಬಹುದಿತ್ತು. ಈ ಒಂದು ಕೆಲಸವನ್ನಾದರೂ ಸರಿಯಾಗಿ ಮಾಡೋಣವೆಂದು ಹಾಕಿದಳು.

ಗುರುವಾರ, ಶುಕ್ರವಾರ ಪಾಠ ನಡೆಯಿತು. ಹೇಳುವುದು ದಿನದಿಂದ ದಿನಕ್ಕೆ ಕಷ್ಟವಾಯಿತು, ಏಕೆಂದರೆ ಈಗ ಮುಚ್ಚಿಟ್ಟ ದಿನಗಳನ್ನೂ ಹೇಳಬೇಕಾಗಿತ್ತು. ಶನಿವಾರ ಧಾರವಾಡಕ್ಕೆ ಹೊರಡುವ ಮೊದಲು ಮಾಸ್ತರರ ಕಾಲಿಗೆ ನಮಸ್ಕಾರ ಮಾಡಿದಳು. ಅವರು ತಲೆಯ ಮೇಲೆ ಕೈಯಿಟ್ಟು, ಅವಸರ ಮಾಡಬೇಡ ಎಂದಷ್ಟೇ ಹೇಳಿದರು. ಸೋಮವಾರ ಬಂದು, ಪತ್ರ ಈಗ ಬಂತು ಎಂದು ಓದಿಬಿಡುತ್ತೇನೆ, ನಾನೇ ಜೊತೆಗೆ ಮಿರಜಿಗೂ ಹೋಗುತ್ತೇನೆ ಎಂದು ಅವಳು ರೈಲಿನಲ್ಲಿ ಯೋಚಿಸಿದಳು.

ಪರೀಕ್ಷೆ ಸುಲಭವಾಗಿತ್ತು. ಗದ್ಯಭಾಗ ಸಮುದ್ರದ ಉಪ್ಪಿನ ಬಗ್ಗೆ. ಒಂದು ಸಲ ಓದಿದ ಕೂಡಲೇ ಎಲ್ಲ ತಿಳಿಯಿತು. ಹೊರಗೆ ಬಂದಾಗ ಅವಳಿಗೆ ಸಂತೋಷವಾಗಬೇಕಾಗಿತ್ತು, ಹಸಿವೆಯೂ ಆಗಲಿಲ್ಲ.

ಸೋಮವಾರ ಮಧ್ಯಾಹ್ನ ಬ್ಯಾಡಗಿಯಲ್ಲಿ ಇಳಿದು ಮನೆಗೆ ಬಂದರೆ ಶೇಖವ್ವ ಕೆಲಸಕ್ಕೆ ಹೋಗದೆ ಬಾಗಿಲಲ್ಲೇ ಕುಳಿತಿದ್ದಳು. ನಿನ್ನೆ ಮಧ್ಯಾಹ್ನ ಮಿರಜಿನಿಂದ ತಂತಿ ಬಂತು, ಮಾಸ್ತರರ ಮಗಳು ಶನಿವಾರ ಹೋಗಿಬಿಟ್ಟಳಂತೆ ಎಂದು ಹೇಳಿದಳು. ಸುದ್ದಿ ಕೇಳಿ ಗುತ್ತೆವ್ವ ಕುಸಿದು ಬಿದ್ದಿದ್ದರಿಂದ ಗುಡದಪ್ಪನೇ ಮಾಸ್ತರರನ್ನು ಕರೆದುಕೊಂಡು ಸಂಜೆಯ ಗಾಡಿಗೆ ಹೋಗಿದ್ದ.

ನೀಲಗಂಗಾ ಚೀಲ ಇಳಿಸಿ ತಾಯಿಯ ಹಿಂದೆ ಮಾಸ್ತರರ ಮನೆಗೆ ಹೋದಳು. ಓಣಿಯ ಹೆಂಗಸರೆಲ್ಲ ಕೂಡಿದ್ದರು. ಗುತ್ತೆವ್ವ ಇವಳನ್ನು ಕಂಡು ತಬ್ಬಿಕೊಂಡು ಅತ್ತಳು. ನೀನಾದರೂ ಊರಲ್ಲಿ ಇದ್ದಿದ್ದರೆ ಅಣ್ಣನ ಜೊತೆ ಹೋಗುತ್ತಿದ್ದೆ, ಪಾಪ, ಅವನಿಗೆ ಅಲ್ಲಿ ಯಾರು ಏನು ಓದಿ ಹೇಳುತ್ತಾರೋ ಎಂದಳು. ನೀಲಗಂಗಾಳಿಗೆ ಆ ತೋಳುಗಳಿಂದ ಬಿಡಿಸಿಕೊಳ್ಳಲೂ ಆಗಲಿಲ್ಲ, ಅಳಲೂ ಆಗಲಿಲ್ಲ.

ಮಗಳನ್ನು ಅಲ್ಲಿಯೇ ಮಣ್ಣು ಮಾಡಿ ಮಾಸ್ತರರು ಬುಧವಾರ ಬಂದರು. ಮೂರು ದಿನ ಬಿಟ್ಟು, ಬೆಳಿಗ್ಗೆ ಪಾಠದ ಹೊತ್ತಿಗೆ, ಗುತ್ತೆವ್ವ ನಳಕ್ಕೆ ಹೋದುದನ್ನು ನೋಡಿಕೊಂಡು ನೀಲಗಂಗಾ ಒಳಗೆ ಹೋದಳು. ಅವರು ಗೋಡೆಗೆ ಒರಗಿ ಕುಳಿತಿದ್ದರು. ಅವಳ ಹೆಜ್ಜೆ ಗುರುತಿಸಿದರು, ಕೂಡು ಎನ್ನಲಿಲ್ಲ.

'ಆ ಪತ್ರ ಇಟ್ಟೀಯೋ, ಹರದೀಯೋ?'

ಮಿರಜಿನಲ್ಲಿ ಮೇಟ್ರನ್ ಮಾಸ್ತರರಿಗೆ ಪತ್ರದ ವಿಷಯ ಹೇಳಿದ್ದಳು. ಬಂದ ಮೇಲೆ ಅವರು ಭರಮಣ್ಣನನ್ನು ಕರೆಸಿ ಕೇಳಿದ್ದರು. ಯಾವ ದಿನ ಕೊಟ್ಟದ್ದು, ಯಾರ ಕೈಗೆ ಕೊಟ್ಟದ್ದು ಎರಡೂ ಅವನಿಗೆ ನೆನಪಿತ್ತು.

'ಇಟ್ಟೇನ್ರಿ, ಸರ್.'

'ಓದು.'

ಅವಳು ಗೈಡಿನಿಂದ ತೆಗೆದು ಓದಿದಳು. ತಾರೀಖಿನಿಂದ ಸಹಿಯವರೆಗೆ ಓದಿದಳು. ಎಲ್ಲೂ ತಪ್ಪಲಿಲ್ಲ. ಮಾಸ್ತರರ ಕೈ ಮೇಲೇಳಲಿಲ್ಲ.

'ಗ್ರೇವ್ ಅಂದ್ರ ಏನಂತ ಗೊತ್ತಿತ್ತು?'

'ಅವತ್ತ ಸಂಜಿಕ ಡಿಕ್ಷನರಿ ನೋಡಿದೆ, ಸರ್. ಗೊತ್ತಾತ್ರಿ.'

'ಪರಮೇಶಪ್ಪ ಅನ್ನಾಂವ?'

'ಯಾರೂ ಇಲ್ರಿ.'

'ಇಲ್ಲದಾಂವಗ ನಾ ಮಾರಿ ಹುಡುಕಿ ಕೊಟ್ಟೆ,' ಎಂದರು ಮಾಸ್ತರರು. 'ಎಡಗೈ ಕೊಟ್ಟೆ.'

ಅವಳು ನೆಲಕ್ಕೆ ಕುಸಿದು ಅವರ ಪಾದ ಹಿಡಿಯಲು ಹೋದಳು. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಆಮೇಲೆ, ಯಾರಿಗೋ ಪಾಠ ಹೇಳುವವರಂತೆ ಒಂದೇ ದನಿಯಲ್ಲಿ, ಅಲ್ಲಿ ನಡೆದದ್ದನ್ನು ಹೇಳಿದರು. ಮೇಟ್ರನ್ ಪತ್ರ ಹಾಕಿದ ದಿನದಿಂದ ಜಯವ್ವ ಬಾಗಿಲು ಸಪ್ಪಳವಾದಾಗಲೆಲ್ಲ ತಲೆ ಎತ್ತುತ್ತಿದ್ದಳಂತೆ. ಬುಧವಾರದ ಹೊತ್ತಿಗೆ, ಅಪ್ಪ ಯಾಕೆ ಬರಲಿಲ್ಲ ಎಂದು ಕೇಳುವುದನ್ನೇ ಬಿಟ್ಟಳಂತೆ. ಶುಕ್ರವಾರ ಇನ್‌ಲ್ಯಾಂಡ್ ಪತ್ರ ಮುಟ್ಟಿತು. ಗದಗಿನ ಕಡೆಯ ಒಬ್ಬ ನರ್ಸ್ ಅದನ್ನು ಓದಿ ಹೇಳಿದಳು, ಉಪ್ಪಿನಕಾಯಿಯವರೆಗೂ, ಜಾಣ ಹುಡುಗಿಯವರೆಗೂ.

'ಅದನ್ನ ಕೇಳಿ ನನ್ನ ಮಗಳು, ಅಪ್ಪಗ ಗೊತ್ತಿಲ್ಲ, ಗೊತ್ತಿದ್ರ ಬರ್ತಿದ್ದ ಅಂದ್ಳಂತ. ಆ ಪತ್ರ ಹಾಕಿ ಅಷ್ಟ ಉಪಕಾರ ಮಾಡೀದಿ.' ಅವರು ಮುಖವನ್ನು ಕಿಟಕಿಯ ಬೆಳಕಿನ ಕಡೆಗೆ ತಿರುಗಿಸಿದರು. 'ಇನ್ನ ಹೋಗು. ನಾ ಯಾರ ಮುಂದೂ ಹೇಳೂದಿಲ್ಲ. ನೀ ಈ ಮನಿಗೆ ಬರಬ್ಯಾಡ.'

ಫಲಿತಾಂಶ ಜೂನಿನ ಮೊದಲ ವಾರ ಬಂತು. ಇಂಗ್ಲಿಷಿನಲ್ಲಿ ಅರವತ್ತೇಳು. ಸೀಟು ಸಿಕ್ಕಿದ ಪತ್ರ ಕೈಗೆ ಬಂದ ದಿನ ಗುಡದಪ್ಪ ಪೇಢೆ ತಂದು, ಮೊದಲು ಮಾಸ್ತರರಿಗೇ ಕೊಡಬೇಕು ಎಂದ. ನೀಲಗಂಗಾ ಬೇಡವೆಂದಳು, ಸೂತಕದ ಮನೆಗೆ ಸಿಹಿ ಒಯ್ಯುತ್ತಾರೇನು ಎಂದಳು. ಸೂತಕ ಮುಗಿದು ಎಷ್ಟು ದಿನವಾಯಿತು, ಕಲಿಸಿದವರಿಗೆ ಹೇಳದಿದ್ದರೆ ಹೇಗೆ ಎಂದು ಅವನು ಹೋಗಿಯೇ ಬಿಟ್ಟ. ತಿರುಗಿ ಬಂದು, ಮಾಸ್ತರರು ಪೇಢೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಕುಳಿತಿದ್ದರು, ಬಾಯಿಗೆ ಹಾಕಲಿಲ್ಲ, ಒಳ್ಳೆಯದಾಯಿತು ಎಂದರು, ಪಾಪ, ಮಗಳ ನೆನಪಾಗಿರಬೇಕು ಎಂದು ಹೇಳಿದ.

ಅವತ್ತು ಸಂಜೆ ಅವಳು ತಾಯಿಗೆ ಎಲ್ಲವನ್ನೂ ಹೇಳಿದಳು. ಶೇಖವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಕೇಳಿದಳು. ನಾನು ಧಾರವಾಡಕ್ಕೆ ಹೋಗುವುದಿಲ್ಲ, ಮಾವನನ್ನೇ ಮಾಡಿಕೊಳ್ಳುತ್ತೇನೆ, ಹೇಳಿ ಕಳಿಸು ಎಂದು ನೀಲಗಂಗಾ ಅತ್ತಳು.

'ಡಾಕಪ್ಪ ಏನ್ ತಪ್ಪ ಮಾಡ್ಯಾನ?' ಎಂದಳು ಶೇಖವ್ವ. 'ನಿನ್ನ ಪ್ರಾಯಶ್ಚಿತ್ತಕ್ಕ ಅವನ ಮನಿ ಬೇಕಾತೇನು? ಅವನ ಮಕ್ಕಳು ಬೇಕಾದ್ವೇನು?' ಮೊರವನ್ನು ಮತ್ತೆ ಎತ್ತಿಕೊಂಡು, 'ನೀ ಹೋಗ್ಲಿಲ್ಲಂದ್ರ ಆ ಹುಡುಗಿ ಎದ್ದ ಬರೂದಿಲ್ಲ. ಹೋಗು. ನಿಮ್ಮಪ್ಪಗ ಹೇಳಬ್ಯಾಡ,' ಎಂದಳು.

ನೀಲಗಂಗಾ ಜುಲೈಯಲ್ಲಿ ಹೋದಳು. ಡಾಕಪ್ಪ ಮರುವರ್ಷ ಅಗಡಿ ಊರಿನ ಕಡೆಯ ಹೆಣ್ಣನ್ನು ಮದುವೆಯಾದ.

ಮಗಳು ಊರು ಬಿಟ್ಟ ಮರುದಿನದಿಂದ ಶೇಖವ್ವ ಪೇಟೆಗೆ ಹೋಗುವ ಮೊದಲು ಮಾಸ್ತರರ ಮನೆಗೆ ಎರಡು ಕೊಡ ನೀರು ಹಾಕತೊಡಗಿದಳು. ಗುತ್ತೆವ್ವಳಿಗೆ ಮೊಣಕಾಲು ನೋವಿತ್ತು, ನಳದ ಪಾಳಿ ಉದ್ದವಿತ್ತು. ಯಾರೂ ಯಾಕೆಂದು ಕೇಳಲಿಲ್ಲ. ಎರಡು ವರ್ಷ ಹಾಗೆಯೇ ನಡೆಯಿತು. ಒಂದು ದಿನ ಗುತ್ತೆವ್ವಳೇ ಕೇಳಿದಳು. ನಿನಗೆ ನಾವೇನು ಕೊಟ್ಟಿದ್ದೇವೆಂದು ಹೀಗೆ ನೀರು ಹೊರುತ್ತೀ, ನಿನ್ನ ಮಗಳು ಒಮ್ಮೆಯೂ ಇತ್ತ ಸುಳಿಯಲಿಲ್ಲ ಎಂದಳು. ಶೇಖವ್ವಳಿಗೆ ಸುಳ್ಳು ಹೇಳಲಾಗಲಿಲ್ಲ. ಹೊಸ್ತಿಲ ಮೇಲೆ ಕುಳಿತು ಹೇಳಿದಳು. ಗುತ್ತೆವ್ವ ಪೂರ್ತಿ ಕೇಳಿದಳು. ಆಮೇಲೆ ನೀರು ತುಂಬಿದ ಕೊಡವನ್ನು ಎತ್ತಿ ಅಂಗಳಕ್ಕೆ ಸುರಿದು, ನಾಳೆಯಿಂದ ಬರಬೇಡ ಎಂದು ಬಾಗಿಲು ಹಾಕಿಕೊಂಡಳು.

ಶೇಖವ್ವ ಮರುದಿನ ಹೋಗಿ ಹೊರಗೆ ನಿಂತು ತಿರುಗಿ ಬಂದಳು. ಅದರ ಮರುದಿನವೂ ಹೋದಳು. ಒಂಬತ್ತನೆಯ ದಿನ ಬಾಗಿಲು ಮುಚ್ಚಿಯೇ ಇತ್ತು, ಆದರೆ ಎರಡು ಖಾಲಿ ಕೊಡ ಹೊರಗಿದ್ದವು.

ಇದನ್ನು ಅವಳು ಮಗಳಿಗೆ ಹೇಳಿದ್ದು ೧೯೯೨ರ ದೀಪಾವಳಿಗೆ. ಅಷ್ಟರಲ್ಲಿ ನೀಲಗಂಗಾಳಿಗೆ ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಅವಳು ತಲೆ ತಗ್ಗಿಸಿ ಕೇಳಿ, ಮಾಸ್ತರರು ಏನನ್ನುತ್ತಾರೆ ಎಂದು ಕೇಳಿದಳು.

'ನೀರ ಸುರುವೂ ಸಪ್ಪಳಕ್ಕ, ಶೇಖವ್ವ ಏನು, ಅಂತಾರ,' ಎಂದಳು ತಾಯಿ. 'ಹೂಂ ಅಂತೇನಿ. ಅಷ್ಟ.'